ಒತ್ತಕ್ಷರ ಪೂರ್ತಿ ಕಾಣಬೇಕು: ಫೈರ್‌ಫಾಕ್ಸಿನ ಒಳಗಿನ ಸೆಟ್ಟಿಂಗ್‌ಗಳ ಬಗ್ಗೆ

ಅಪ್ಪ ಬೆಳಿಗ್ಗೆ ಕಾಫಿ ಆದ ಕೂಡಲೇ ಲ್ಯಾಪ್‌ಟಾಪ್ ತೆರೆದು ಅಡಿಕೆ ಧಾರಣೆ ನೋಡುತ್ತಾರೆ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು. ಆಮೇಲೆ ಪೇಪರ್. ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಊರಿಗೆ ಹೋಗಿದ್ದಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಫೈರ್‌ಫಾಕ್ಸ್ ಬ್ರೌಸರಿನ ಮೇಲ್ಗಡೆ ಸಾಲಾಗಿ ಟ್ಯಾಬ್‌ಗಳು. ಒಂದರ ಮೇಲೆ 'ಶಿವಮೊಗ' ಅಂತ ಇತ್ತು. ಯಾರೋ ತಪ್ಪು ಬರೆದಿದ್ದಾರೆ ಅಂದುಕೊಂಡೆ. ಹತ್ತಿರ ಬಗ್ಗಿ ನೋಡಿದರೆ ಗ ಕೆಳಗಿನ ಒತ್ತು ಅಡ್ಡಕ್ಕೆ ಕತ್ತರಿಸಿ ಹೋಗಿತ್ತು. ಒಂದು ಸಣ್ಣ ಕೊಂಕು ಮಾತ್ರ ಉಳಿದಿತ್ತು. ಪಕ್ಕದ ಟ್ಯಾಬಿನಲ್ಲಿ 'ಬೆಟ್ಟೆ' ಕೂಡ ಹಾಗೇ, ಕಾಲು ಮುರಿದ ಹಾಗೆ.

'ನಂಗೆ ಅಭ್ಯಾಸ ಆಗಿದೆ ಬಿಡು' ಅಂದರು ಅಪ್ಪ. ನನಗೆ ಬಿಡಲು ಆಗಲಿಲ್ಲ.

ಯಾಕೆ ಹೀಗಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಇಂಗ್ಲಿಷ್ ಅಕ್ಷರಗಳು ಹೆಚ್ಚುಕಡಿಮೆ ಒಂದೇ ಗೆರೆ ಮೇಲೆ ಕೂರುತ್ತವೆ. ಜಿ, ವೈ ತರಹದ ನಾಲ್ಕೈದು ಅಕ್ಷರದ ಬಾಲ ಮಾತ್ರ ಸ್ವಲ್ಪ ಕೆಳಗೆ ಇಳಿಯುತ್ತದೆ. ಕನ್ನಡ ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು. ನಡುವೆ ಅಕ್ಷರ. ಕೆಳಗೆ ಒತ್ತು. 'ರಾಷ್ಟ್ರ' ಅಂತ ಬರೆದರೆ ಒಂದು ಒತ್ತಿನ ಜೊತೆ ಇನ್ನೊಂದು ಒತ್ತು. ಇಂಗ್ಲಿಷಿಗೆ ಒಂದು ಅಂತಸ್ತು ಸಾಕಾದ ಕಡೆ ನಮಗೆ ಮೂರು ಅಂತಸ್ತು ಬೇಕು. ಬ್ರೌಸರಿನ ಟ್ಯಾಬ್ ಪಟ್ಟಿ, ಬಟನ್, ಮೆನು ಎಲ್ಲದರ ಎತ್ತರವನ್ನೂ ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಅಳೆದ ಹಾಗೆ ಕಾಣುತ್ತದೆ, ಹಾಗಾಗಿ ಜಾಗ ಸಾಲದೆ ಇದ್ದಾಗ ಮೊದಲು ಪೆಟ್ಟು ಬೀಳುವುದು ಒತ್ತಿಗೆ. ಒತ್ತು ಹೋದರೆ ಅರ್ಥವೇ ಹೋಗುತ್ತದೆ, ಅಲ್ವಾ? ಹಳ್ಳಿ ಹೋಗಿ ಹಳಿ ಆಗುತ್ತದೆ.

ಇದನ್ನು ಸರಿ ಮಾಡಬಹುದು. ದುಡ್ಡು ಬೇಡ, ಪ್ರೋಗ್ರಾಮಿಂಗ್ ಕಲಿಯುವುದೂ ಬೇಡ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆ ಬೇಕಾದ ಬಾಗಿಲುಗಳು ಇವೆ, ಆದರೆ ಮೆನುವಿನಲ್ಲಿ ಕಾಣುವುದಿಲ್ಲ. ಅವು ಎಲ್ಲಿವೆ, ಹೇಗೆ ಕೆಲಸ ಮಾಡುತ್ತವೆ, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಅನ್ನೋದೇ ಈ ಬರಹ. ಒಂದು ಮಾತು: ಸೆಟ್ಟಿಂಗ್ ಹೆಸರುಗಳನ್ನು ನಾನು ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಇಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಬ್ರೌಸರನ್ನು ಎರಡು ಭಾಗ ಅಂತ ಯೋಚಿಸಿ. ಒಂದು, ನೀವು ಓದುವ ಪುಟ. ಇನ್ನೊಂದು, ಆ ಪುಟದ ಸುತ್ತ ಇರುವ ಚೌಕಟ್ಟು. ಟ್ಯಾಬ್, ವಿಳಾಸದ ಪಟ್ಟಿ, ಹಿಂದೆ ಮುಂದೆ ಹೋಗುವ ಬಾಣ, ಮೆನು ಎಲ್ಲ ಈ ಚೌಕಟ್ಟಿಗೆ ಸೇರಿದವು. ನಮ್ಮ ಕಡೆ ಹಳೇ ಮನೆಗಳ ಕಿಟಕಿಗೆ ದಪ್ಪ ಮರದ ದಾರಂದ ಇರುತ್ತದಲ್ಲ, ಹಾಗೆ. ಕಿಟಕಿಯಿಂದ ಕಾಣುವ ತೋಟ ಬೇರೆ, ದಾರಂದ ಬೇರೆ. ಈ ದಾರಂದಕ್ಕೆ ಕಂಪ್ಯೂಟರ್ ಜನ ಬಹಳ ಹಿಂದಿನಿಂದ ಇಟ್ಟ ಹೆಸರು ಕ್ರೋಮ್. ಗೂಗಲ್ ಕ್ರೋಮ್ 2008ರಲ್ಲಿ ಬಂತು, ಆ ಪದ ಅದಕ್ಕಿಂತ ಹಳೆಯದು. ಇದನ್ನು ನೆನಪಿಡಿ, ಮುಂದೆ ಫೈರ್‌ಫಾಕ್ಸ್ ಒಳಗೇ 'ಕ್ರೋಮ್' ಅನ್ನೋ ಫೋಲ್ಡರ್ ಮಾಡುವಾಗ ಗಲಿಬಿಲಿ ಆಗಬಾರದು.

ಫೈರ್‌ಫಾಕ್ಸಿನ ವಿಶೇಷ ಏನು ಅಂದರೆ, ಈ ದಾರಂದವನ್ನೂ ಪುಟದ ಹಾಗೆಯೇ ಕಟ್ಟಿದ್ದಾರೆ. ಒಂದು ವೆಬ್ ಪುಟದಲ್ಲಿ ಅಕ್ಷರ ಎಷ್ಟು ದೊಡ್ಡದು, ಬಣ್ಣ ಯಾವುದು, ಸಾಲಿನ ನಡುವೆ ಎಷ್ಟು ಜಾಗ ಅನ್ನೋದನ್ನು ಸಿಎಸ್ಎಸ್ ಅನ್ನುವ ನಿಯಮಗಳ ಪಟ್ಟಿ ಹೇಳುತ್ತದೆ. ಟ್ಯಾಬಿಗೂ ಮೆನುವಿಗೂ ಅದೇ ತರಹದ ಪಟ್ಟಿ ಇದೆ. ಹಾಗಾಗಿ ನಮ್ಮದೊಂದು ಸಾಲು ಅದಕ್ಕೆ ಸೇರಿಸಿದರೆ ಟ್ಯಾಬ್ ನಮ್ಮ ಮಾತು ಕೇಳುತ್ತದೆ.

ಆದರೆ ನೇರ ಅಲ್ಲಿಗೆ ಹಾರಬೇಡಿ. ಮೊದಲು ಎದುರಿಗೆ ಕಾಣುವ ಸೆಟ್ಟಿಂಗ್ಸ್ ನೋಡಿ. ಹಿಂದೆ ಬಚ್ಚಿಟ್ಟಿದ್ದ ಎಷ್ಟೋ ವಿಷಯ ಈಗ ಹೊರಗೇ ಬಂದಿದೆ. ಟ್ಯಾಬ್‌ಗಳನ್ನು ಮೇಲಿನಿಂದ ಎಡಗಡೆಗೆ ಉದ್ದಕ್ಕೆ ಜೋಡಿಸುವುದಕ್ಕೆ ಜನ ವರ್ಷಗಟ್ಟಲೆ ಏನೇನೋ ಕಸರತ್ತು ಮಾಡುತ್ತಿದ್ದರು, 2025ರ ಮಾರ್ಚಿನಲ್ಲಿ ಬಂದ ಫೈರ್‌ಫಾಕ್ಸ್ 136ರಿಂದ ಅದು ಸೆಟ್ಟಿಂಗ್ಸ್‌ನಲ್ಲೇ ಇದೆ. ಕರೆಂಟು ಹೋದ ರಾತ್ರಿ ಬ್ಯಾಟರಿ ಮೇಲೆ ಓದುವಾಗ ಬಿಳಿ ಪುಟ ಕಣ್ಣಿಗೆ ಹೊಡೆಯುತ್ತದಲ್ಲ, ಅದಕ್ಕೆ ಪುಟ ಕಪ್ಪಾಗಿ ಕಾಣಲಿ ಅನ್ನುವ ಆಯ್ಕೆಯೂ ಅಲ್ಲೇ ಸಿಗುತ್ತದೆ. ಪುಟ ಮಾಡಿದವರು ಕಪ್ಪು ರೂಪವನ್ನೂ ಮಾಡಿಟ್ಟಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಕನ್ನಡ ಓದುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಫಾಂಟ್ ವಿಭಾಗ. ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್ ಪಕ್ಕ ಅಡ್ವಾನ್ಸ್ಡ್ ಅನ್ನೋ ಬಟನ್ ಇದೆ. ಒತ್ತಿದರೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ, ಅದರ ತುದಿಯಲ್ಲಿ ಭಾಷೆಗಳ ಪಟ್ಟಿ. ಅಲ್ಲಿ ಕನ್ನಡ ಆರಿಸಿ. ಈಗ ಕನ್ನಡಕ್ಕೆ ಮಾತ್ರ ಯಾವ ಫಾಂಟ್, ಎಷ್ಟು ಅಳತೆ, ಕನಿಷ್ಠ ಎಷ್ಟು ಅಂತ ಹೇಳಬಹುದು. ಇಂಗ್ಲಿಷಿನ ಅಳತೆ ಹಾಗೇ ಇರುತ್ತದೆ. ವಿಂಡೋಸ್‌ನಲ್ಲಿ ಹಿಂದಿನಿಂದ ತುಂಗಾ ಫಾಂಟ್ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಬಂತು. ಲಿನಕ್ಸ್ ಬಳಸುವವರಿಗೆ ಲೋಹಿತ್, ಗುಬ್ಬಿ, ನವಿಲು ಇವೆ. ನನಗೆ ಓದಲು ಹಿತ ಅನ್ನಿಸುವುದು ನೋಟೋ ಸಾನ್ಸ್ ಕನ್ನಡ. ಅದರ ಒತ್ತುಗಳು ಸ್ವಲ್ಪ ದೊಡ್ಡದಾಗಿ, ಬಿಡಿಬಿಡಿಯಾಗಿ ಕಾಣುತ್ತವೆ. ಉಚಿತವಾಗಿ ಇಳಿಸಿಕೊಂಡು ಕಂಪ್ಯೂಟರಿಗೆ ಹಾಕಿದರೆ ಈ ಪಟ್ಟಿಯಲ್ಲಿ ತಾನೇ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. 'ಕನಿಷ್ಠ ಅಳತೆ 17 ಅಂತ ಇಟ್ಟೆ, ಕೆಲವು ಕಡೆ ಆಯ್ತು, ಕೆಲವು ಕಡೆ ಆಗಲೇ ಇಲ್ಲ' ಅಂತ ಬಹಳ ಜನ ಹೇಳುತ್ತಾರೆ. ತಪ್ಪು ನಿಮ್ಮದಲ್ಲ. ಪ್ರತಿ ಪುಟವೂ 'ನಾನು ಇಂಥ ಭಾಷೆಯಲ್ಲಿದ್ದೇನೆ' ಅಂತ ಬ್ರೌಸರಿಗೆ ಒಳಗಿನಿಂದ ಒಂದು ಗುರುತು ಕೊಡಬೇಕು. ಕನ್ನಡಕ್ಕೆ ಆ ಗುರುತು ಎರಡು ಅಕ್ಷರ: ಕೆ, ಎನ್. ಎಷ್ಟೋ ಕನ್ನಡ ಪುಟಗಳು ಈ ಗುರುತು ಕೊಡುವುದೇ ಇಲ್ಲ, ಇನ್ನು ಕೆಲವು ಇಂಗ್ಲಿಷ್ ಗುರುತು ಹಾಕಿಕೊಂಡು ಪೂರ್ತಿ ಕನ್ನಡದಲ್ಲಿ ಇರುತ್ತವೆ. ಬ್ರೌಸರ್ ಪಾಪ ಅದು ಹೇಳಿದ್ದನ್ನೇ ನಂಬುತ್ತದೆ, ಇಂಗ್ಲಿಷಿನ ಅಳತೆಯನ್ನೇ ಹಾಕುತ್ತದೆ. ಹಾಗಾಗಿ ಅದೇ ಕಿಟಕಿಯಲ್ಲಿ ಲ್ಯಾಟಿನ್, ಇತರೆ ಲಿಪಿಗಳು ಅನ್ನುವ ಎರಡಕ್ಕೂ ಕನಿಷ್ಠ ಅಳತೆ ಸ್ವಲ್ಪ ಏರಿಸಿ ಇಟ್ಟರೆ ಈ ತೊಂದರೆ ಬಹಳಷ್ಟು ಕಡಿಮೆ ಆಗುತ್ತದೆ. ನೀವೇ ಕನ್ನಡದಲ್ಲಿ ವೆಬ್ ಪುಟ ಮಾಡುವವರಾದರೆ ದಯವಿಟ್ಟು ಆ ಎರಡಕ್ಷರದ ಗುರುತು ಹಾಕಿ. ಓದುವವರಿಗೆ ಅದರಿಂದ ಆಗುವ ಉಪಕಾರ ಸಣ್ಣದಲ್ಲ.

ಇನ್ನು ಬಚ್ಚಿಟ್ಟ ಪಟ್ಟಿಗೆ ಬರೋಣ. ವಿಳಾಸದ ಪಟ್ಟಿಯಲ್ಲಿ ಅಬೌಟ್, ಕೋಲನ್, ಕಾನ್ಫಿಗ್ ಅಂತ ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಹುಷಾರಾಗಿ ಮುಂದುವರಿಯಿರಿ ಅಂತ ಒಂದು ಎಚ್ಚರಿಕೆ ಬರುತ್ತದೆ. ಒಪ್ಪಿಕೊಂಡರೆ ಒಂದು ಹುಡುಕುವ ಪೆಟ್ಟಿಗೆ. ಅದರ ಹಿಂದೆ ಸಾವಿರಾರು ಸಾಲುಗಳು. ಹೆದರಬೇಕಾದ್ದಿಲ್ಲ. ಸೆಟ್ಟಿಂಗ್ಸ್ ಪುಟದಲ್ಲಿ ನೀವು ಒತ್ತುವ ಬಟನ್‌ಗಳಲ್ಲಿ ಹೆಚ್ಚಿನವು ಒಳಗಡೆ ಈ ಪಟ್ಟಿಯ ಯಾವುದೋ ಒಂದು ಸಾಲನ್ನೇ ಬದಲಾಯಿಸುತ್ತವೆ. ಮನೆಯ ಗೋಡೆ ಮೇಲೆ ಹತ್ತು ಸ್ವಿಚ್ ಇದ್ದರೂ ಮೀಟರ್ ಹಲಗೆಯಲ್ಲಿ ಅದಕ್ಕಿಂತ ಜಾಸ್ತಿ ವೈರ್ ಇರುತ್ತದಲ್ಲ, ಇದು ಆ ಹಲಗೆ.

ಒಂದೊಂದು ಸಾಲಿಗೂ ಒಂದು ಹೆಸರು, ಒಂದು ಬೆಲೆ. ಬೆಲೆ ಮೂರೇ ಬಗೆ. ಹೌದು ಅಥವಾ ಇಲ್ಲ, ಅಂದರೆ ಟ್ರೂ, ಫಾಲ್ಸ್. ಇಲ್ಲವೇ ಒಂದು ಅಂಕಿ. ಇಲ್ಲವೇ ಒಂದು ಪದ. ಹೌದು ಅಥವಾ ಇಲ್ಲ ಅನ್ನುವ ಸಾಲನ್ನು ಎರಡು ಸಲ ಕ್ಲಿಕ್ ಮಾಡಿದರೆ ಸಾಕು, ತಿರುಗುತ್ತದೆ. ನೀವು ಬದಲಾಯಿಸಿದ ಸಾಲು ದಪ್ಪ ಅಕ್ಷರದಲ್ಲಿ ಕಾಣುತ್ತದೆ, ಪಕ್ಕದಲ್ಲೇ ವಾಪಸ್ ಮೊದಲಿನಂತೆ ಮಾಡುವ ಬಾಣದ ಗುರುತು ಇರುತ್ತದೆ. ಹೆಸರು ಪೂರ್ತಿ ಟೈಪ್ ಮಾಡಬೇಕಿಲ್ಲ, ಅದರ ಯಾವುದಾದರೂ ತುಂಡು ಹಾಕಿದರೂ ಹುಡುಕಿ ಕೊಡುತ್ತದೆ. ಫೋನಿನಲ್ಲಿ ಹೇಳುವಾಗ ಇದು ಎಷ್ಟು ಅನುಕೂಲ ಅಂತ ನನಗೆ ಗೊತ್ತು.

ಅಪ್ಪನ ಲ್ಯಾಪ್‌ಟಾಪಿನಲ್ಲಿ ನಾನು ಮೊದಲು ಹುಡುಕಿದ್ದು ಯುಐ ಡೆನ್ಸಿಟಿ. ಎರಡನ್ನೂ ಸೇರಿಸಿ ಒಂದೇ ಪದವಾಗಿ ಬರೆಯಬೇಕು, ಪೂರ್ತಿ ಹೆಸರು ಬ್ರೌಸರ್ ಚುಕ್ಕೆ ಯುಐಡೆನ್ಸಿಟಿ. 0 ಅಂದರೆ ಮಾಮೂಲಿ, 1 ಅಂದರೆ ಒತ್ತೊತ್ತಾಗಿ, 2 ಅಂದರೆ ಬೆರಳಲ್ಲಿ ಒತ್ತುವ ಪರದೆಗೆ ಬೇಕಾದಷ್ಟು ಸಡಿಲ. ಅಲ್ಲಿ 1 ಇತ್ತು. ಪರದೆ ಸಣ್ಣದು, ಓದಲು ಜಾಗ ಜಾಸ್ತಿ ಸಿಗಲಿ ಅಂತ ಮನೆಗೆ ಬಂದ ನೆಂಟರ ಹುಡುಗ ಮಾಡಿಕೊಟ್ಟಿದ್ದನಂತೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. 2021ರಲ್ಲಿ ಫೈರ್‌ಫಾಕ್ಸ್ 89 ಹೊಸ ರೂಪ ತಂದಾಗ ಟ್ಯಾಬ್ ಪಟ್ಟಿ ದಪ್ಪ ಆಯಿತು, ಒತ್ತೊತ್ತಾದ ಆಯ್ಕೆಯನ್ನು ಮೆನುವಿನಿಂದ ಮರೆ ಮಾಡಿದರು. ಅಲ್ಲಿಂದ ಜನ ಈ ಪಟ್ಟಿಗೆ ಬಂದು 1 ಹಾಕಿಕೊಳ್ಳಲು ಶುರು ಮಾಡಿದರು. ಇಂಗ್ಲಿಷ್ ಓದುವವರಿಗೆ ಅದು ಚೆನ್ನಾಗಿಯೇ ಇರಬಹುದು. ಕನ್ನಡಕ್ಕೆ ಬೇಡ.

0 ಮಾಡಿದೆ. ಟ್ಯಾಬ್ ಎತ್ತರ ಆಯಿತು. ಆದರೆ ಶಿವಮೊಗ್ಗದ ಒತ್ತು ಬರಲಿಲ್ಲ.

ಯಾಕೆ? ಟ್ಯಾಬಿನ ಎತ್ತರ ಬೇರೆ, ಅದರ ಒಳಗೆ ಅಕ್ಷರಕ್ಕೆ ಕೊಟ್ಟ ಸಾಲಿನ ಎತ್ತರ ಬೇರೆ. ಮಾಮೂಲಿ ಟ್ಯಾಬ್ 36 ಪಿಕ್ಸೆಲ್ ಎತ್ತರ ಇರುತ್ತದೆ (ಪಿಕ್ಸೆಲ್ ಅಂದರೆ ಪರದೆ ಮೇಲೆ ಅಳೆಯುವ ಸಣ್ಣ ಮಾಪ). ಅದರೊಳಗೆ ಹೆಸರು ಬರೆಯುವ ಸಾಲಿಗೆ ಅಕ್ಷರದ ಅಳತೆಯ 1.7 ಪಟ್ಟು ಅಂತ ನಿಗದಿ ಮಾಡಿದ್ದಾರೆ. ಅಕ್ಷರ 13 ಪಿಕ್ಸೆಲ್ ಅಂದುಕೊಳ್ಳಿ, ಸಾಲು ಸುಮಾರು 22 ಪಿಕ್ಸೆಲ್ ಆಯಿತು. ಕೆಳಗೆ ಖಾಲಿ ಜಾಗ ಇದ್ದರೂ ಸಾಲಿನಿಂದ ಹೊರಗೆ ಚಾಚಿದ್ದನ್ನು ಕತ್ತರಿಸು ಅಂತ ನಿಯಮ. ಒತ್ತು ಉದ್ದ ಇರುವ ಫಾಂಟ್ ಆದರೆ ಅದರ ತುದಿ ಹೋಗುತ್ತದೆ. ಈ 1.7 ಅನ್ನುವುದು ಬಚ್ಚಿಟ್ಟ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅದು ಇರುವುದು ದಾರಂದದ ಸಿಎಸ್ಎಸ್‌ನಲ್ಲಿ. ಅಲ್ಲಿಗೆ ನಮ್ಮ ಮಾತು ಮುಟ್ಟಿಸಬೇಕಾದರೆ ಮೂರನೇ ಬಾಗಿಲು ತೆರೆಯಬೇಕು.

ಆ ಬಾಗಿಲಿಗೆ ಸ್ವಲ್ಪ ಇತಿಹಾಸ ಇದೆ. ಮುಂಚೆ ಫೈರ್‌ಫಾಕ್ಸಿಗೆ ಹಾಕುತ್ತಿದ್ದ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರಿಗೆ ಹೊರಗಿನಿಂದ ಸೇರಿಸುವ ಸಣ್ಣ ಪ್ರೋಗ್ರಾಂಗಳು, ಬ್ರೌಸರಿನ ಯಾವ ಮೂಲೆಯನ್ನು ಬೇಕಾದರೂ ಬದಲಾಯಿಸಬಹುದಿತ್ತು. ಅದರಿಂದ ಬ್ರೌಸರ್ ನಿಧಾನ ಆಗುತ್ತಿತ್ತು, ಸುರಕ್ಷತೆಗೂ ತೊಂದರೆ. 2017ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 57ರಲ್ಲಿ ಆ ಹಳೇ ಪದ್ಧತಿ ನಿಲ್ಲಿಸಿದರು. ಹೊಸ ಎಕ್ಸ್‌ಟೆನ್ಶನ್‌ಗಳಿಗೆ ದಾರಂದ ಮುಟ್ಟುವ ಅಧಿಕಾರ ಬಹಳ ಕಡಿಮೆ. ಆದರೆ ಬಳಸುವವರೇ ತಮ್ಮ ಕೈಯಾರೆ ಬರೆದಿಡುವ ಒಂದು ಫೈಲ್ ಇತ್ತು, ಯೂಸರ್‌ಕ್ರೋಮ್ ಅಂತ, ಅದನ್ನು ಉಳಿಸಿದರು. 2019ರಲ್ಲಿ ಫೈರ್‌ಫಾಕ್ಸ್ 69 ಬಂದಾಗ ಅದನ್ನೂ ಮೊದಲಿಗೆ ಮುಚ್ಚಿದ ಸ್ಥಿತಿಯಲ್ಲಿ ಇಟ್ಟರು. ಕಾರಣ ಸರಳ. ಬಹುಪಾಲು ಜನರ ಹತ್ತಿರ ಆ ಫೈಲ್ ಇರುವುದೇ ಇಲ್ಲ. ಬ್ರೌಸರ್ ತೆರೆದಾಗಲೆಲ್ಲ ಅದನ್ನು ಹುಡುಕಿಕೊಂಡು ಹೋಗುವುದು ಸುಮ್ನೆ ಸಮಯ ಹಾಳು. ಬೇಕಾದವರು ತೆರೆದುಕೊಳ್ಳಲಿ ಅಂತ ಬಚ್ಚಿಟ್ಟ ಪಟ್ಟಿಯಲ್ಲಿ ಒಂದು ಹೌದು-ಇಲ್ಲದ ಸಾಲು ಇಟ್ಟರು. ಹೆಸರು ಬಹಳ ಉದ್ದ, ಕೊನೆಯ ಪದ ಸ್ಟೈಲ್‌ಶೀಟ್ಸ್. ಹುಡುಕುವ ಪೆಟ್ಟಿಗೆಯಲ್ಲಿ ಅದೊಂದೇ ಪದ ಹಾಕಿ, ಲೆಗಸಿ ಅನ್ನುವ ಪದ ಇರುವ ಸಾಲು ಬರುತ್ತದೆ, ಅದನ್ನು ಟ್ರೂ ಮಾಡಿ. ಲೆಗಸಿ ಅಂತ ಇದೆಯಲ್ಲ, ತೆಗೆದುಹಾಕುತ್ತಾರೇನೋ ಅಂತ ಆಗಿನಿಂದ ಜನ ಹೆದರಿಕೊಂಡೇ ಬಂದಿದ್ದಾರೆ. ಅದು ಇನ್ನೂ ಇದೆ.

ಇನ್ನು ಫೈಲ್. ಅಬೌಟ್ ಕೋಲನ್ ಸಪೋರ್ಟ್ ಅಂತ ಟೈಪ್ ಮಾಡಿದರೆ ಒಂದು ಮಾಹಿತಿ ಪುಟ ಬರುತ್ತದೆ. ಅದರಲ್ಲಿ ಪ್ರೊಫೈಲ್ ಫೋಲ್ಡರ್ ಅನ್ನೋ ಸಾಲು, ಪಕ್ಕದಲ್ಲಿ ತೆರೆಯುವ ಬಟನ್. ಈ ಪ್ರೊಫೈಲ್ ಅಂದರೆ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಇರುವ ಗೂಡು. ಅದರೊಳಗೆ ಕ್ರೋಮ್ ಅಂತ ಹೊಸ ಫೋಲ್ಡರ್ ಮಾಡಿ, ಎಲ್ಲ ಸಣ್ಣ ಅಕ್ಷರದಲ್ಲಿ. ಆ ಫೋಲ್ಡರಿನ ಒಳಗೆ ನೋಟ್‌ಪ್ಯಾಡಿನಲ್ಲಿ ಬರೆದ ಒಂದು ಫೈಲ್. ಅದರ ಹೆಸರು ಯೂಸರ್‌ಕ್ರೋಮ್, ಚುಕ್ಕೆ, ಸಿಎಸ್ಎಸ್. ಯೂಸರ್ ಸಣ್ಣ ಅಕ್ಷರದಲ್ಲಿ, ಕ್ರೋಮಿನ ಮೊದಲ ಸಿ ಮಾತ್ರ ದೊಡ್ಡದು, ನಡುವೆ ಜಾಗ ಇಲ್ಲ.

ಹತ್ತರಲ್ಲಿ ಏಳೆಂಟು ಜನ ಸೋಲುವುದು ಇಲ್ಲೇ ಅಂತ ನನ್ನ ಅನುಭವ. ನೋಟ್‌ಪ್ಯಾಡ್ ತಾನಾಗಿ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂತ ಸೇರಿಸಿಬಿಡುತ್ತದೆ. ವಿಂಡೋಸ್ ಅದನ್ನು ತೋರಿಸುವುದಿಲ್ಲ. ನೋಡಿದರೆ ಹೆಸರು ಸರಿಯಾಗೇ ಕಾಣುತ್ತದೆ, ನಿಜವಾದ ಹೆಸರು ಬೇರೆ ಇರುತ್ತದೆ. ಫೈರ್‌ಫಾಕ್ಸ್ ಆ ಫೈಲನ್ನು ಗುರುತಿಸುವುದೇ ಇಲ್ಲ, ತಪ್ಪಾಗಿದೆ ಅಂತಲೂ ಹೇಳುವುದಿಲ್ಲ. ಹಾಗಾಗಿ ಉಳಿಸುವಾಗ ಫೈಲಿನ ಬಗೆ ಆಲ್ ಫೈಲ್ಸ್ ಅಂತ ಆರಿಸಿಕೊಳ್ಳಿ. ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ಎಕ್ಸ್‌ಟೆನ್ಶನ್ ತೋರಿಸು ಅನ್ನುವುದಕ್ಕೂ ಟಿಕ್ ಹಾಕಿ, ಬೇರೆ ಕೆಲಸಕ್ಕೂ ಒಳ್ಳೆಯದೇ.

ಈಗ ಆ ಫೈಲಿನಲ್ಲಿ ಬರೆಯಬೇಕಾದ್ದು ಒಂದೇ ಒಂದು ನಿಯಮ. ಹೇಳುತ್ತೇನೆ, ಬರೆದುಕೊಳ್ಳಿ. ಮೊದಲು ಚುಕ್ಕೆ, ಅದಕ್ಕೆ ಅಂಟಿಕೊಂಡೇ ಟ್ಯಾಬ್, ಹೈಫನ್, ಲೇಬಲ್. ಒಂದು ಸ್ಪೇಸ್. ಪುಷ್ಪಾವರಣ, ಅಂದರೆ ಕರ್ಲಿ ಬ್ರ್ಯಾಕೆಟ್, ತೆರೆಯಿರಿ. ಲೈನ್, ಹೈಫನ್, ಹೈಟ್, ಕೋಲನ್, ಸ್ಪೇಸ್, 2.2, ಸ್ಪೇಸ್, ಆಶ್ಚರ್ಯಚಿಹ್ನೆ, ಅದಕ್ಕೆ ಅಂಟಿಕೊಂಡು ಇಂಪಾರ್ಟೆಂಟ್, ಸೆಮಿಕೋಲನ್. ಪುಷ್ಪಾವರಣ ಮುಚ್ಚಿ. ಅಷ್ಟೇ.

ಒಂದೊಂದಾಗಿ ಬಿಡಿಸಿ ನೋಡೋಣ. ಚುಕ್ಕೆ ಮತ್ತು ಹೆಸರು ಅಂದರೆ ಯಾರಿಗೆ ಈ ನಿಯಮ ಅಂತ. ಟ್ಯಾಬ್ ಲೇಬಲ್ ಅನ್ನುವುದು ಟ್ಯಾಬ್ ಮೇಲಿನ ಬರಹಕ್ಕೆ ಫೈರ್‌ಫಾಕ್ಸ್ ಮಾಡಿದವರು ಇಟ್ಟ ಹೆಸರು. ಪುಷ್ಪಾವರಣದ ಒಳಗೆ ಏನು ಮಾಡಬೇಕು ಅಂತ. ಸಾಲಿನ ಎತ್ತರ 2.2 ಪಟ್ಟು. 13 ಪಿಕ್ಸೆಲ್ ಅಕ್ಷರಕ್ಕೆ ಸುಮಾರು 29 ಪಿಕ್ಸೆಲ್ ಆಯಿತು, 36ರ ಒಳಗೇ ಇದೆ, ಹಾಗಾಗಿ ಟ್ಯಾಬ್ ದಪ್ಪ ಆಗುವುದಿಲ್ಲ. ಕೊನೆಯ ಇಂಪಾರ್ಟೆಂಟ್ ಯಾಕೆ ಅಂದರೆ, ಒಂದೇ ವಿಷಯಕ್ಕೆ ಬ್ರೌಸರಿನದೊಂದು ನಿಯಮ, ನಮ್ಮದೊಂದು ನಿಯಮ ಇದ್ದಾಗ ಅದು ತನ್ನದಕ್ಕೇ ಮೊದಲ ಮರ್ಯಾದೆ ಕೊಡುತ್ತದೆ. ಆ ಪದ ಇದ್ದರೆ ಮಾತ್ರ ನಮ್ಮದು ಗೆಲ್ಲುತ್ತದೆ. ಅದನ್ನು ಮರೆತರೆ ಎಲ್ಲ ಸರಿ ಬರೆದಿದ್ದರೂ ಏನೂ ಆಗುವುದಿಲ್ಲ.

ಈ ಫೈಲನ್ನು ಬ್ರೌಸರ್ ಓದುವುದು ತೆರೆಯುವಾಗ ಮಾತ್ರ. ಹಾಗಾಗಿ ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ಅಪ್ಪನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಒತ್ತು ಬಂತು. ಗ ಕೆಳಗೆ ಗ, ಪೂರ್ತಿ, ದುಂಡಗೆ. ಅಪ್ಪ ಕನ್ನಡಕ ಮೇಲೆ ಮಾಡಿ ನೋಡಿ, 'ಇದು ಇಷ್ಟು ದಿನ ಎಲ್ಲಿತ್ತು?' ಅಂತ ಕೇಳಿದರು.

ನಿಮ್ಮ ಫಾಂಟಿಗೆ 2.2 ಜಾಸ್ತಿ ಅನ್ನಿಸಿದರೆ 2 ಮಾಡಿ, ಸಾಲದಿದ್ದರೆ ಸ್ವಲ್ಪ ಏರಿಸಿ. ಅಕ್ಷರವೇ ದೊಡ್ಡದು ಬೇಕು ಅಂದರೆ ಅದೇ ಪುಷ್ಪಾವರಣದ ಒಳಗೆ ಫಾಂಟ್ ಹೈಫನ್ ಸೈಜ್ ಅಂತ ಇನ್ನೊಂದು ಸಾಲು ಸೇರಿಸಿ 15 ಪಿಎಕ್ಸ್ ಅಂತ ಕೊಡಬಹುದು.

ಇದು ದಾರಂದದ ಕತೆ ಆಯಿತು. ಒಳಗಿನ ಪುಟಕ್ಕೂ ಹೀಗೇ ಒಂದು ಫೈಲ್ ಇದೆ. ಅದೇ ಕ್ರೋಮ್ ಫೋಲ್ಡರಿನಲ್ಲಿ ಯೂಸರ್‌ಕಂಟೆಂಟ್ ಚುಕ್ಕೆ ಸಿಎಸ್ಎಸ್, ಇಲ್ಲೂ ಎರಡನೇ ಪದದ ಸಿ ದೊಡ್ಡದು. ಕನ್ನಡ ಪುಟಗಳಲ್ಲಿ ಸಾಲುಗಳು ಒಂದಕ್ಕೊಂದು ಅಂಟಿಕೊಂಡು ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದಲ್ಲ, ಅದಕ್ಕೆ ಮದ್ದು ಇಲ್ಲಿದೆ. ಪಿ, ಕೋಲನ್, ಲ್ಯಾಂಗ್, ದುಂಡು ಕಂಸದೊಳಗೆ ಕೆ ಎನ್. ಇಷ್ಟಕ್ಕೆ ಅರ್ಥ: ಕನ್ನಡ ಅಂತ ಗುರುತು ಇರುವ ಪ್ಯಾರಾಗಳು. ಆಮೇಲೆ ಮೊದಲಿನಂತೆ ಪುಷ್ಪಾವರಣ, ಲೈನ್ ಹೈಟ್ 1.8, ಇಂಪಾರ್ಟೆಂಟ್. ಇಂಗ್ಲಿಷ್ ಪುಟ ಹಾಗೇ ಇರುತ್ತದೆ, ಕನ್ನಡ ಪುಟ ಉಸಿರಾಡುತ್ತದೆ. ಇಲ್ಲಿಯೂ ಆ ಎರಡಕ್ಷರದ ಗುರುತೇ ಆಧಾರ, ಗುರುತು ಇಲ್ಲದ ಪುಟಕ್ಕೆ ಇದು ತಾಗುವುದಿಲ್ಲ.

ಈಗ ಒಂದು ತಪ್ಪಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಇದು ಯಾರಿಗೆ ಬೇಕಾದರೂ ಆಗಬಹುದು. ಹೊಸನಗರದ ಕಡೆ ಇರುವ ಅತ್ತೆಗೆ ಕಣ್ಣು ಮಂಜು. ಇಡೀ ಬ್ರೌಸರ್ ದೊಡ್ಡದಾಗಿ ಕಾಣಬೇಕು, ಪುಟವೂ ಮೆನುವೂ ಎರಡೂ. ಅದಕ್ಕೂ ಬಚ್ಚಿಟ್ಟ ಪಟ್ಟಿಯಲ್ಲಿ ಸಾಲು ಇದೆ. ಡೆವ್‌ಪಿಕ್ಸೆಲ್ಸ್ ಅಂತ ಹುಡುಕಿದರೆ ಸಿಗುತ್ತದೆ. ಅದರ ಮೂಲ ಬೆಲೆ ಮೈನಸ್ 1.0, ಅಂದರೆ ಕಂಪ್ಯೂಟರಿನ ಅಳತೆಯನ್ನೇ ಅನುಸರಿಸು ಅಂತ. ಕಂಪ್ಯೂಟರಿನ ಅಳತೆ 100 ಪರ್ಸೆಂಟ್ ಇದ್ದರೆ, 1.2 ಹಾಕಿದಾಗ 20 ಪರ್ಸೆಂಟ್ ದೊಡ್ಡದು. ನಾನು ಶಿವಮೊಗ್ಗದಿಂದ ಫೋನಿನಲ್ಲಿ ಹೇಳುತ್ತಿದ್ದೆ, ಅತ್ತಿಗೆ ಟೈಪ್ ಮಾಡುತ್ತಿದ್ದರು. ಅಲ್ಲಿ ಮಳೆ, ತಗಡಿನ ಮೇಲೆ ಸುರಿಯುವ ಸದ್ದಿನಲ್ಲಿ ನಾನು ಹೇಳಿದ ಚುಕ್ಕೆ ಅವರಿಗೆ ಕೇಳಲಿಲ್ಲ. 12 ಹಾಕಿ ಎಂಟರ್ ಒತ್ತಿದರು. ಒಂದೊಂದು ಅಕ್ಷರವೂ ಅಂಗೈ ಅಗಲ ಆಯಿತು. ವಾಪಸ್ ಮಾಡುವ ಬಾಣ ಪರದೆಯಿಂದ ಎಷ್ಟೋ ಆಚೆ ಹೋಗಿಬಿಟ್ಟಿತ್ತು. ಮುಚ್ಚಿ ತೆರೆದರೂ ಹಾಗೇ.

ಸರಿ ಮಾಡಿದ ದಾರಿ ಹೀಗೆ. ನಿಮ್ಮ ಎಲ್ಲ ಬದಲಾವಣೆಯೂ ಪ್ರೊಫೈಲ್ ಗೂಡಿನಲ್ಲಿ ಪ್ರೆಫ್ಸ್ ಚುಕ್ಕೆ ಜೆಎಸ್ ಅನ್ನುವ ಫೈಲಿನಲ್ಲಿ ಸಾಲುಸಾಲಾಗಿ ಉಳಿದಿರುತ್ತದೆ. ಫೈರ್‌ಫಾಕ್ಸ್ ಪೂರ್ತಿ ಮುಚ್ಚಬೇಕು. ತೆರೆದಿರುವಾಗ ತಿದ್ದಿದರೆ ಮುಚ್ಚುವಾಗ ಅದು ತನ್ನ ಹಳೇ ಬೆಲೆಯನ್ನೇ ಮತ್ತೆ ಬರೆದುಬಿಡುತ್ತದೆ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪರ್ಸೆಂಟ್ ಗುರುತು, ಆಪ್‌ಡೇಟಾ, ಮತ್ತೆ ಪರ್ಸೆಂಟ್ ಗುರುತು ಅಂತ ಟೈಪ್ ಮಾಡಬೇಕು. ಅಲ್ಲಿ ಮೊಝಿಲ್ಲಾ, ಅದರೊಳಗೆ ಫೈರ್‌ಫಾಕ್ಸ್, ಅದರೊಳಗೆ ಪ್ರೊಫೈಲ್ಸ್, ಅದರೊಳಗೆ ಡೀಫಾಲ್ಟ್ ರಿಲೀಸ್ ಅಂತ ಕೊನೆಯಾಗುವ ಫೋಲ್ಡರ್. ಫೈಲನ್ನು ಎರಡು ಸಲ ಕ್ಲಿಕ್ ಮಾಡಬಾರದು, ವಿಂಡೋಸ್ ಅದನ್ನು ಪ್ರೋಗ್ರಾಂ ಅಂದುಕೊಂಡು ಓಡಿಸಲು ಹೋಗುತ್ತದೆ. ಬಲ ಕ್ಲಿಕ್ ಮಾಡಿ ನೋಟ್‌ಪ್ಯಾಡಿನಲ್ಲಿ ತೆರೆದು, ಡೆವ್‌ಪಿಕ್ಸೆಲ್ಸ್ ಇರುವ ಆ ಒಂದು ಸಾಲು ಅಳಿಸಿ ಉಳಿಸಬೇಕು. ಅತ್ತಿಗೆ ಮಾಡಿದರು. ಬ್ರೌಸರ್ ಮೊದಲಿನಂತೆ ಬಂತು. ಆಗಿನಿಂದ ನಾನು ಅಂಕಿ ಹೇಳುವಾಗ ಬಿಡಿಬಿಡಿಯಾಗಿ ಹೇಳಿ, ಅವರಿಂದ ವಾಪಸ್ ಹೇಳಿಸಿಕೊಂಡ ಮೇಲೇ ಎಂಟರ್ ಒತ್ತಿ ಅನ್ನುತ್ತೇನೆ.

ಯೂಸರ್‌ಕ್ರೋಮ್ ಫೈಲಿನಿಂದ ಏನಾದರೂ ಎಡವಟ್ಟಾದರೆ ಇನ್ನೂ ಸುಲಭ. ಶಿಫ್ಟ್ ಕೀ ಒತ್ತಿ ಹಿಡಿದು ಫೈರ್‌ಫಾಕ್ಸ್ ತೆರೆಯಿರಿ, ಟ್ರಬಲ್‌ಶೂಟ್ ಮೋಡ್ ಬರುತ್ತದೆ, ಅದರಲ್ಲಿ ನಿಮ್ಮ ನಿಯಮಗಳು ಕೆಲಸ ಮಾಡುವುದಿಲ್ಲ. ಅಥವಾ ಕ್ರೋಮ್ ಫೋಲ್ಡರಿನ ಹೆಸರನ್ನೇ ಬದಲಾಯಿಸಿ ಮತ್ತೆ ತೆರೆದರೂ ಆಯಿತು. ಬಚ್ಚಿಟ್ಟ ಪಟ್ಟಿಯ ಬದಲಾವಣೆಗಳು ಮಾತ್ರ ಟ್ರಬಲ್‌ಶೂಟ್ ಮೋಡಿನಲ್ಲೂ ಹಾಗೇ ಇರುತ್ತವೆ, ಅವಕ್ಕೆ ಮೇಲೆ ಹೇಳಿದ ದಾರಿಯೇ.

ಏನನ್ನು ಮುಟ್ಟಬಾರದು? ಹೆಸರಿನಲ್ಲಿ ಸೆಕ್ಯುರಿಟಿ ಅಂತ ಶುರುವಾಗುವ ಸಾಲುಗಳನ್ನು, ನೆಟ್‌ವರ್ಕ್ ಅಂತ ಶುರುವಾಗುವ ಸಾಲುಗಳನ್ನು ಬಿಟ್ಟುಬಿಡಿ. ಬ್ರೌಸರ್ ವೇಗ ಮಾಡುತ್ತೇನೆ ಅಂತ ನೂರಾರು ಸಾಲಿನ ಪಟ್ಟಿಗಳನ್ನು ಜನ ಹಂಚುತ್ತಾರೆ. ಅದನ್ನು ಒಟ್ಟಿಗೆ ಅಂಟಿಸಿಕೊಳ್ಳಬೇಡಿ. ಅದರಲ್ಲಿ ಎಷ್ಟೋ ಸಾಲು ಈಗಿನ ಬ್ರೌಸರಿನಲ್ಲಿ ಇಲ್ಲವೇ ಇಲ್ಲ, ಕೆಲವು ಬ್ಯಾಂಕಿನ ಪುಟ ತೆರೆಯದ ಹಾಗೆ ಮಾಡುತ್ತವೆ, ಯಾವುದರಿಂದ ಕೆಟ್ಟಿತು ಅಂತ ಹುಡುಕಲು ಒಂದು ದಿನ ಬೇಕು. ಪರಿಚಯ ಇಲ್ಲದವರು ಫೋನ್ ಮಾಡಿ ಇಲ್ಲಿ ಹೋಗಿ ಇದನ್ನು ಬದಲಾಯಿಸಿ ಅಂದರೆ ಫೋನ್ ಇಟ್ಟುಬಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಟ್ಟುಕೊಂಡು.

ಗೂಗಲ್ ಕ್ರೋಮ್ ಬಳಸುವವರಿಗೆ ಹೇಳುವುದು ಕಡಿಮೆ. ಅಲ್ಲೂ ಅಪಿಯರೆನ್ಸ್ ಅಡಿ ಫಾಂಟ್ ಮತ್ತು ಕನಿಷ್ಠ ಅಳತೆ ಆರಿಸಬಹುದು. ಕ್ರೋಮ್, ಕೋಲನ್, ಎರಡು ಓರೆಗೆರೆ, ಫ್ಲಾಗ್ಸ್ ಅಂತ ಟೈಪ್ ಮಾಡಿದರೆ ಅಲ್ಲೂ ಬಚ್ಚಿಟ್ಟ ಪಟ್ಟಿ ಬರುತ್ತದೆ. ಆದರೆ ಅದು ಪ್ರಯೋಗಗಳ ಪಟ್ಟಿ, ಉಳಿಯುವ ಸೆಟ್ಟಿಂಗ್ ಅಲ್ಲ. 2023ರಲ್ಲಿ ಕ್ರೋಮ್ ದುಂಡು ಮೂಲೆಗಳ ಹೊಸ ರೂಪ ತಂದಾಗ ಹಳೇ ರೂಪವೇ ಬೇಕು ಅನ್ನುವವರು ಒಂದು ಫ್ಲಾಗ್ ಆಫ್ ಮಾಡಿ ಉಳಿಸಿಕೊಂಡರು. ಮರುವರ್ಷ ಆ ಫ್ಲಾಗನ್ನೇ ತೆಗೆದುಹಾಕಿದರು. ದಾರಂದಕ್ಕೆ ನಮ್ಮ ನಿಯಮ ಬರೆಯುವ ಬಾಗಿಲು ಅಲ್ಲಿ ಇಲ್ಲ. ನಾನು ಮನೆಯವರಿಗೆಲ್ಲ ಫೈರ್‌ಫಾಕ್ಸ್ ಹಾಕಿಕೊಡುವುದು ಇದೇ ಕಾರಣಕ್ಕೆ. ಮೊಬೈಲ್ ಫೈರ್‌ಫಾಕ್ಸಿನಲ್ಲಿ ಯೂಸರ್‌ಕ್ರೋಮ್ ಇಲ್ಲ. ಅಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಸುಮ್ಮನಿರಬೇಕಷ್ಟೆ.

ಫೈರ್‌ಫಾಕ್ಸಿನಲ್ಲೂ ಒಂದು ತಲೆನೋವು ಇದೆ. ನಾಲ್ಕು ವಾರಕ್ಕೊಮ್ಮೆ ಹೊಸ ಆವೃತ್ತಿ. ಒಳಗಿನ ಹೆಸರುಗಳು ಬದಲಾದರೆ ನಮ್ಮ ನಿಯಮ ಸದ್ದಿಲ್ಲದೆ ನಿಂತುಹೋಗುತ್ತದೆ. ಹಾಗಾಗಿ ಫೈಲ್ ಸಣ್ಣದಾಗಿ ಇಟ್ಟುಕೊಳ್ಳಿ, ನಾಲ್ಕೈದು ನಿಯಮ ಸಾಕು. ಊರಲ್ಲಿರುವ, ಪದೇಪದೇ ಹೋಗಿ ನೋಡಲಾಗದ ಕಂಪ್ಯೂಟರಿಗೆ ಇಎಸ್‌ಆರ್ ಅನ್ನುವ ಆವೃತ್ತಿ ಹಾಕುವುದು ಒಳ್ಳೆಯದು. ಅದಕ್ಕೆ ಸುರಕ್ಷತೆಯ ತಿದ್ದುಪಡಿ ಬರುತ್ತಿರುತ್ತದೆ, ರೂಪ ಮಾತ್ರ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ನಿಂತಿರುತ್ತದೆ.

ಅಪ್ಪನ ಲ್ಯಾಪ್‌ಟಾಪಿನ ಕ್ರೋಮ್ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದೆ. ಎರಡು ಫೈಲ್, ಎರಡೂ ಸೇರಿ ಹತ್ತು ಸಾಲಿಲ್ಲ. ಅದನ್ನು ಬೇರೆ ಕಂಪ್ಯೂಟರಿನ ಪ್ರೊಫೈಲ್ ಗೂಡಿಗೆ ಹಾಗೇ ಹಾಕಿ, ಸ್ಟೈಲ್‌ಶೀಟ್ಸ್ ಸಾಲು ಟ್ರೂ ಮಾಡಿದರೆ ಅಲ್ಲೂ ಅದೇ ರೂಪ ಬರುತ್ತದೆ. ಈ ಭಾನುವಾರ ಹೊಸನಗರಕ್ಕೆ ಹೋಗಿ ಅತ್ತೆಯ ಕಂಪ್ಯೂಟರಿಗೂ ಹಾಕಿ ಬರಬೇಕು. ಈ ಸಲ ಫೋನಿನಲ್ಲಿ ಬೇಡ, ಪಕ್ಕದಲ್ಲೇ ಕೂತು ಮಾಡುತ್ತೇನೆ.